ಹೆರೋದನ ಬಾಗಿಲು

ಕೊಳ್ಳೇಗಾಲದ ಕಡೆಗೆ ಹೋಗುವ ಹಳೆಯ ಗಾಡಿದಾರಿಯಲ್ಲಿ ಜಾಲಿಪಾಳ್ಯವೆಂಬ ಊರಿದೆ. ಊರ ನಡುವೆ ಸುಣ್ಣ ಬಳಿದ ಚರ್ಚು, ಅದರ ಬಡಗಣ ಗೋಡೆಗೆ ಆತುಕೊಂಡು ಕಲ್ಲುಕಂಬಗಳ ಒಂದು ಉದ್ದನೆಯ ಪಡಸಾಲೆ. ಈ ಪಡಸಾಲೆಯಲ್ಲಿ ವರ್ಷವಿಡೀ ನಾಟಕ ನಡೆಯುತ್ತದೆ. ಅದೂ ಎಂಥೆಂಥ ನಾಟಕ! ಒಂದರಲ್ಲಿ ಮಾತೇ ಇಲ್ಲ. ಇನ್ನೊಂದರಲ್ಲಿ ಮಾತು ಬಿಟ್ಟರೆ ಬೇರೇನೂ ಇಲ್ಲ. ಮತ್ತೊಂದರಲ್ಲಿ ನೋಡಲು ಬಂದವರನ್ನು ಎಬ್ಬಿಸಿ ನಿಲ್ಲಿಸಿ, ಆಡುವವರು ಹಾಯಾಗಿ ಕೂತುಬಿಡುತ್ತಾರೆ. ಇನ್ನೂ ಹೆಸರು ಮಾಡದ ಹುಡುಗ ಹುಡುಗಿಯರು ಮೈಸೂರು, ಬೆಂಗಳೂರು, ಧಾರವಾಡಗಳಿಂದ ತಮ್ಮ ಮೊದಲ ನಾಟಕ ಹೊತ್ತು ಇಲ್ಲಿಗೆ ಬರುತ್ತಾರೆ. ಊರವರು ಅನ್ನ ಸಾರು ಹಾಕಿ, ಮಲಗಲು ಚಾಪೆ ಕೊಟ್ಟು, ಅರ್ಥವಾದರೂ ಆಗದಿದ್ದರೂ ಕೊನೆಯವರೆಗೆ ಕೂತು ನೋಡುತ್ತಾರೆ. ಬೇರೆ ಕಡೆ ಆಡಿ ಸೈ ಎನಿಸಿಕೊಂಡ ನಾಟಕವನ್ನು ಮಾತ್ರ ಇಲ್ಲಿ ಒಲ್ಲೆವೆನ್ನುತ್ತಾರೆ. ಪಡಸಾಲೆಯಿಂದ ಚರ್ಚಿನೊಳಕ್ಕೆ ಒಂದು ಗಿಡ್ಡ ಬಾಗಿಲಿದೆ. ಅದು ಹೆರೋದನ ಬಾಗಿಲು. ಈಗ ಇಡೀ ರಂಗಸ್ಥಳಕ್ಕೇ ಆ ಹೆಸರು. ಯೇಸುಬಾಲನನ್ನು ಮುಗಿಸಬೇಕೆಂದು ಬೆತ್ಲೆಹೇಮಿನ ಹಸುಗೂಸುಗಳನ್ನೆಲ್ಲ ಕೊಲ್ಲಿಸಿದ ಅರಸ ಹೆರೋದ. ಅಂಥ ಪಾಪಿಯ ಹೆಸರು ದೇವರ ಮನೆಯ ಬಾಗಿಲಿಗೇಕೆ ಎಂದು ಹೊಸಬರು ಹುಬ್ಬೇರಿಸುತ್ತಾರೆ. ಏರಿಸಲಿ, ಕಾರಣ ಕೇಳಿದ ಮೇಲೆ ತಾನಾಗಿ ಇಳಿಯುತ್ತದೆ.

ಹಿಂದೆ ಒಮ್ಮೆ, ಈ ಪಡಸಾಲೆ ಇಲ್ಲದಿದ್ದ ಕಾಲದಲ್ಲಿ, ಊರಿನಲ್ಲಿ ಆಡುತ್ತಿದ್ದದ್ದು ಒಂದೇ ನಾಟಕ. ಯೇಸುಬಾಲನನ್ನು ನೋಡಲು ದೂರದಿಂದ ಬಂದ ಮೂವರು ಅರಸರ ನೆನಪಿಗೆ, ಜನವರಿಯ ಮೂರು ರಾಯರ ಹಬ್ಬದಂದು ಮೂರು ರಾಯರ ನಾಟಕ. ಪಾತ್ರಗಳೆಲ್ಲ ಮನೆತನಕ್ಕೆ ಸೇರಿದವು. ರಾಯರ ಪಾತ್ರ ಗೌಡರ ಮನೆಗಳಿಗೆ, ದೇವದೂತನ ಪಾತ್ರ ಊರವರಿಗೆ ಜಪ ಕಲಿಸುವ ಉಪದೇಶಿಯ ಮನೆಗೆ, ಹೆರೋದನ ಪಾತ್ರ ಕಲ್ಲುಕುಟಿಗರ ಮನೆಗೆ. ಹೆಂಗಸರಿಗೆ ಯಾವ ಪಾತ್ರವೂ ಇರಲಿಲ್ಲ; ಯೇಸುವಿನ ತಾಯಿ ಮರಿಯಮ್ಮನ ಪಾತ್ರಕ್ಕೂ ಮೀಸೆ ಬೋಳಿಸಿಕೊಂಡ ಗಂಡಸೇ. ಹೆರೋದನಿಗೆ ಇನ್ನೊಂದು ಕಟ್ಟಳೆಯಿತ್ತು. ಅಷ್ಟು ಕೂಸುಗಳ ಪಾಪ ಮೈಗಂಟಿದವನು ಮರುದಿನ ಬೆಳಿಗ್ಗೆ ಬಡಗಣ ಬಾಗಿಲಲ್ಲಿ ನಿಲ್ಲಬೇಕು, ಚರ್ಚಿನ ಗುರುಗಳಾದ ಸ್ವಾಮಿಗಳು ಹೊರಬಂದು ತೀರ್ಥ ಚಿಮುಕಿಸಬೇಕು, ಆಮೇಲೆಯೇ ಅವನಿಗೆ ಒಳಗೆ ಕಾಲಿಡುವ ಹಕ್ಕು. ಈ ಕಟ್ಟಳೆ ಎಲ್ಲಿಂದ ಬಂತೆಂದು ಕೇಳಿದವರಿಲ್ಲ. ಅಜ್ಜನ ಕಾಲದ್ದು ಎಂದರೆ ಜಾಲಿಪಾಳ್ಯದಲ್ಲಿ ಮಾತು ಮುಗಿದಂತೆ.

ಆಗ ಹೆರೋದನಾಗುತ್ತಿದ್ದವನು ಕಲ್ಲುಕುಟಿಗ ಇನ್ನಾಸಪ್ಪ. ಭಾರೀ ಆಳು, ಗುಡುಗಿನಂಥ ಕಂಠ, ಮನಸ್ಸು ಮಾತ್ರ ಬೆಣ್ಣೆ. ಕೂಸುಗಳನ್ನು ಕೊಲ್ಲಿಸುವ ಅಪ್ಪಣೆ ಕೊಡುವಾಗ ಪ್ರತಿ ವರ್ಷವೂ ಅವನ ಕಣ್ಣು ತುಂಬುತ್ತಿತ್ತು, ಜನ ಅದನ್ನು ಕೋಪವೆಂದು ತಿಳಿದು ಶಿಳ್ಳೆ ಹಾಕುತ್ತಿದ್ದರು. ಒಂದು ವರ್ಷ ಹಬ್ಬದ ಮರುದಿನ ಅವನು ಮಿಂದು, ಬಿಳಿ ಪಂಚೆಯುಟ್ಟು ಬಡಗಣ ಬಾಗಿಲಲ್ಲಿ ನಿಂತ. ಸ್ವಾಮಿಗಳು ಹೊರಗೆ ಬರಲೇ ಇಲ್ಲ. ವಯಸ್ಸಾದ ಜೀವ, ಚಳಿಜ್ವರ ಬಂದು ಹಾಸಿಗೆ ಹಿಡಿದಿತ್ತು. ಗಾಡಿ ಕಟ್ಟಿ ಮೈಸೂರಿಗೆ ಸಾಗಿಸಿದರು. ವಾರದೊಳಗೆ ಅಲ್ಲಿಯೇ ತೀರಿಕೊಂಡರು. ಊರೆಲ್ಲ ಅತ್ತಿತು. ಇನ್ನಾಸಪ್ಪನೂ ಅತ್ತ, ಆದರೆ ಹೊರಗೆ ನಿಂತು ಅತ್ತ.

ಅವನ ಕಷ್ಟ ಅಷ್ಟಕ್ಕೇ ನಿಲ್ಲಲಿಲ್ಲ. ಒಬ್ಬಳೇ ಮಗಳು ಜ್ಞಾನಮ್ಮನ ಮದುವೆ ಗೊತ್ತಾಗಿತ್ತು. ಬೂದಿ ಬುಧವಾರ ಬಂತೆಂದರೆ ತಪಸ್ಸು ಕಾಲ, ಈಸ್ಟರ್ ಮುಗಿಯುವವರೆಗೆ ಮದುವೆಯಿಲ್ಲ. ಗಂಡಿನವರು ಅಷ್ಟು ದಿನ ಕಾಯುವವರಲ್ಲ. ಬುಧವಾರಕ್ಕೆ ಮುಂಚಿನ ಸೋಮವಾರವೇ ಉಳಿದದ್ದು. ಇನ್ನಾಸಪ್ಪ ದಿನವೂ ಬಡಗಣ ಬಾಗಿಲ ಹೊರಗೆ ಮಂಡಿಯೂರಿ, ಹೊಸ ಸ್ವಾಮಿಗಳು ಬೇಗ ಬರಲೆಂದು ಜಪ ಎಣಿಸಿದ. ಬಂದರು, ಮದುವೆಗೆ ಎರಡು ದಿನವಿರುವಾಗ. ಮರಿಜೋಸೆಪ್ಪ ಸ್ವಾಮಿಗಳೆಂದು ಹೆಸರು, ಆಗಷ್ಟೇ ಗುರುಪಟ್ಟವಾದ ಎಳೆಯ ಪ್ರಾಯದವರು. ಹಿರಿಯರು ಹೋಗಿ ತೀರ್ಥದ ವಿಷಯ ಹೇಳಿದರು. ಅವರು ವಿಧಿಗಳ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ತಿರುವಿದರು. ಮನೆಗೆ ತೀರ್ಥವಿತ್ತು, ಬಾವಿಗಿತ್ತು, ದನಕರುಗಳಿಗಿತ್ತು, ಹೆರೋದನಿಗಿರಲಿಲ್ಲ. ಪುಸ್ತಕದಲ್ಲಿಲ್ಲದ ವಿಧಿಯನ್ನು ಮೊದಲ ವಾರದಲ್ಲೇ ಮಾಡಿ ಮೇಲಿನ ಬಿಷಪ್ ಮೇತ್ರಾಣಿಗಳಿಂದ ಬೈಸಿಕೊಳ್ಳಲಾರೆನೆಂದರು. ಹಾಗಾದರೆ ತೀರ್ಥವಿಲ್ಲದೆ ಒಳಗೆ ಬರಲಿ ಎಂದು ಸ್ವಾಮಿಗಳು ಅಂದರೆ ಹಿರಿಯರು ಕಿವಿ ಮುಚ್ಚಿಕೊಂಡರು. ನಿಜ ಹೇಳಬೇಕೆಂದರೆ ಇನ್ನಾಸಪ್ಪನಿಗೇ ಆ ಧೈರ್ಯವಿರಲಿಲ್ಲ. ತನ್ನ ಮೈಗಂಟಿದ ಪಾಪ ಮಗಳ ಒಡಲಿಗೆ ತಾಗಿ, ನಾಳೆ ಹುಟ್ಟುವ ಕೂಸಿಗೆ ಏನಾದರೂ ಆದರೆ?

ಸೋಮವಾರ ಬೆಳಿಗ್ಗೆ ವಾದ್ಯದ ಸಮೇತ ದಿಬ್ಬಣ ಬಂತು. ಇನ್ನಾಸಪ್ಪ ಬಡಗಣ ಬಾಗಿಲಿಗೆ ತಿರುಗಿದ. ಜ್ಞಾನಮ್ಮ ಅವನ ಹಿಂದೆಯೇ ಬಂದು ನಿಂತುಬಿಟ್ಟಳು. ಅಪ್ಪನಿಲ್ಲದೆ ಒಳಗೆ ಹೋಗಲೊಲ್ಲಳು. ಗಂಡಿನವರು ಗೊಣಗತೊಡಗಿದರು, ಸ್ವಾಮಿಗಳು ಪುಸ್ತಕ ಹಿಡಿದು ಒಳಗೂ ಹೊರಗೂ ಓಡಾಡಿದರು. ಆಗ ಜನರನ್ನು ಕೋಲಿನಿಂದ ಸರಿಸುತ್ತ ಸಗಾಯಮ್ಮ ಬಂದಳು. ಎಂಬತ್ತು ದಾಟಿದ ಮುದುಕಿ, ಒಂದು ಕಾಲದಲ್ಲಿ ಚರ್ಚಿನ ಗಂಟೆ ಹೊಡೆಯುತ್ತಿದ್ದವನ ಮಗಳು.

"ಏನ್ರೋ ಇದು ರಂಪ? ಮೊದಲನೇ ಹೆರೋದ ಇವನಜ್ಜ ಚೌರಪ್ಪ. ಅವತ್ತು ನೀರಿನ ಚೆಂಬು ಹಿಡ್ಕೊಂಡು ನಿಂತಿದ್ದೋಳು ನಾನು. ಅದು ತೀರ್ಥವೂ ಅಲ್ಲ, ಗೀರ್ಥವೂ ಅಲ್ಲ."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ, ಅಜ್ಜಿ?" ಎಂದು ಉಪದೇಶಿ ಸಿಡುಕಿದ.

"ನಾಟಕದ ವಿಷಯ ಹೆಂಗಸರನ್ನ ಕೇಳ್ದೋರು ಯಾರಪ್ಪ? ಈಗ್ಲೂ ಬಾಯಲ್ಲಿ ಹೇಳಿದ್ರೆ ನಂಬಲ್ಲ ನೀವು. ಆಡೇ ತೋರಿಸ್ತೀನಿ."

ಮುಂದೆ ನಡೆದದ್ದನ್ನು ಜಾಲಿಪಾಳ್ಯ ಅದುವರೆಗೆ ಕಂಡಿರಲಿಲ್ಲ. ಸಗಾಯಮ್ಮ ಮದುವೆಯಡುಗೆಯ ಹಂಡೆಯ ತಳಕ್ಕೆ ಕೈಯೊರೆಸಿ, ಮಸಿ ತಂದು, ಮದುಮಗಳ ತಂದೆಯ ಮುಖಕ್ಕೆ ಬಳಿದಳು. ಯಾರದೋ ಶಾಲು ಹೊದ್ದು, ಬೆನ್ನು ನೆಟ್ಟಗೆ ಮಾಡಿ, ಅಂದಿನ ಫ್ರೆಂಚ್ ಸ್ವಾಮಿಗಳಾದಳು. ತೆರೆಯಿಲ್ಲ, ತಾಳವಿಲ್ಲ, ಕಿರೀಟವಿಲ್ಲ. "ನೀನು ಚೌರಪ್ಪ," ಎಂದಳು ಇನ್ನಾಸಪ್ಪನಿಗೆ. "ರಾತ್ರಿಯೆಲ್ಲ ಕುಣಿದು, ಮಸಿ ಮುಖದಲ್ಲೇ ಪೂಜೆಗೆ ಬಂದಿದ್ದೀಯ." ಅವನು ಹುಟ್ಟಾ ಪಾತ್ರಧಾರಿ, ಅಜ್ಜನಾಗಿ ತೂಕಡಿಸುತ್ತ ಬಾಗಿಲಿಗೆ ಬಂದ. ಸಗಾಯಮ್ಮ ಮೂಗಿನಲ್ಲಿ ಗದರಿದಳು. "ಏ ಚೌರಪ್ಪ! ನೀನು ಮುಖ ಕಪ್ಪು ಉಂಟು! ಪ್ರಸಾದ ಕೂಡ ಕಪ್ಪು ಆಗ್ತದೆ! ತೊಳಿ, ತೊಳಿ!" ನೀರಿನ ಚೆಂಬು ತರಿಸಿ, ಕೈಯದ್ದಿ ಅವನ ಹಣೆಗೆ ಚಿಮುಕಿಸಿದಳು, ಅಂದು ಹರಳೆಣ್ಣೆಯಲ್ಲಿ ಕಲಸಿದ ಮಸಿ ಬಿಡಲಿಲ್ಲವೆಂದು ಉಜ್ಜಿದಳು, ಸಾಲದೆ ಚೆಂಬನ್ನೇ ತಲೆಯ ಮೇಲೆ ಸುರಿದಳು. ಜನ ಬಿದ್ದು ಬಿದ್ದು ನಕ್ಕರು. ಚೌರಪ್ಪನ ಕಾಲದಲ್ಲಿ ಹಿಂದೆ ನಿಂತಿದ್ದವರಿಗೆ ಕಂಡದ್ದು ಸ್ವಾಮಿಗಳ ಕೈಯಿಂದ ನೀರು ಚಿಮ್ಮಿದ್ದಷ್ಟೇ. ಅದನ್ನೇ ಮೂರು ತಲೆಮಾರು ವಿಧಿಯೆಂದು ನಡೆಸಿಕೊಂಡು ಬಂದಿದ್ದರು.

"ಬಾ ಚೌರಪ್ಪ, ಪೂಜೆಗೆ ತಡ ಆಯ್ತು," ಎಂದು ಮುದುಕಿ ಅವನ ಕೈಹಿಡಿದು ನಡೆದಳು. ಅಜ್ಜನಾಗಿದ್ದ ಇನ್ನಾಸಪ್ಪ ಕೈಹಿಡಿದವಳ ಹಿಂದೆ ನಡೆದ. ಪೀಠದ ಮುಂದೆ ಮಂಡಿಯೂರಿ ಶಿಲುಬೆಯ ಗುರುತು ಹಾಕಿಕೊಳ್ಳುವಾಗ ಅವನಿಗೆ ತಾನೆಲ್ಲಿದ್ದೇನೆಂಬುದು ಹೊಳೆಯಿತು. ಏನೋ ಆಗುವುದೆಂದು ಕಣ್ಣು ಮುಚ್ಚಿ ಕಾದ. ಏನೂ ಆಗಲಿಲ್ಲ. ಗದ್ದದಿಂದ ನೀರು ತೊಟ್ಟಿಕ್ಕುತ್ತಿತ್ತು, ಮಾಡಿನಲ್ಲಿ ಪಾರಿವಾಳವೊಂದು ಗುಟುರು ಹಾಕುತ್ತಿತ್ತು, ಅಷ್ಟೇ. ಮರಿಜೋಸೆಪ್ಪ ಸ್ವಾಮಿಗಳು ಪುಸ್ತಕವನ್ನು ಮಡಚಿ, "ತಂದೆ ಒಳಗೆ ಬಂದಾಯ್ತು. ಇನ್ನು ಮದುಮಗಳನ್ನ ಕರೀರಪ್ಪ," ಎಂದರು. ಒಂದು ತಿಂಗಳಿಂದ ಹಿಡಿದಿಟ್ಟ ಉಸಿರನ್ನು ಇನ್ನಾಸಪ್ಪ ಆಗ ಬಿಟ್ಟ. ಸಂತೋಷಕ್ಕೆ ಗೊಳೋ ಎಂದು ಅತ್ತ. ಮಗಳನ್ನು ಮಸಿ ಮೆತ್ತಿದ ಕೈಯಲ್ಲೇ ಧಾರೆಯೆರೆದು ಕೊಟ್ಟ.

ಆ ಬಾಗಿಲಿಗೆ ಹೊಂದಿಕೊಂಡ ಪಡಸಾಲೆಯ ಕಂಬಗಳನ್ನು ಕಡೆದು ನಿಲ್ಲಿಸಿದವನು ಇನ್ನಾಸಪ್ಪನೇ ಎನ್ನುತ್ತಾರೆ. ಯಾರೂ ಆಡಿರದ ಆಟ, ಎಂದೂ ವೇಷ ಹಾಕಿರದವರ ವೇಷ ತನ್ನನ್ನು ಒಳಗೆ ಸೇರಿಸಿತು, ಇಲ್ಲಿ ಅಂಥದ್ದೇ ನಡೆಯಲಿ ಎಂದನಂತೆ. ಮರುವರ್ಷವೇ ಊರ ಹೆಂಗಸರು ತಾವೇ ಕಟ್ಟಿದ ಆಟವೊಂದನ್ನು ಅಲ್ಲಿ ಆಡಿದರು. ಸಗಾಯಮ್ಮ ಪಾತ್ರ ಕಲಿಸಿದಳು, ಉಪದೇಶಿ ಬಾಯಿ ಮುಚ್ಚಿಕೊಂಡು ದೀಪ ಹಿಡಿದ.

ಇಂದು ಅಲ್ಲಿಗೆ ಹೋದವರು ಆಟ ಮುಗಿದೊಡನೆ ಏಳಬಾರದು. ಆಡಿದವರಲ್ಲಿ ಅತಿ ಕೆಟ್ಟ ಪಾತ್ರ ಯಾರದೋ ಅವರು ಬಣ್ಣವನ್ನೂ ತೊಳೆಯದೆ ಆ ಗಿಡ್ಡ ಬಾಗಿಲಿನಿಂದ ಮೊದಲು ಒಳಗೆ ಹೋಗಬೇಕು. ಅಲ್ಲಿಯವರೆಗೆ ಊರ ಹಿರಿಯರೂ ಸ್ವಾಮಿಗಳೂ ಕಾಯುತ್ತಾರೆ. ಹೋದ ಸಲ ಧಾರವಾಡದ ಹುಡುಗಿಯೊಬ್ಬಳು, ಹೆತ್ತ ಕೂಸನ್ನೇ ಮಾರುವ ತಾಯಿಯ ಪಾತ್ರ ಮಾಡಿದವಳು, ಹೊಸ್ತಿಲಲ್ಲಿ ಅಳುಕಿ ನಿಂತಳು. ಹೊರಗೆ ಕಾಯುತ್ತಿದ್ದ ಊರ ಮುದುಕಿಯೊಬ್ಬಳು ಬಾಗಿಲತ್ತ ಕೈತೋರಿದಳು: "ಹೋಗು ಮಗಳೇ, ನಿನಗೋಸ್ಕರವೇ ತೆರೆದಿರೋದು."