ಗೊತ್ತಿಲ್ಲದ ಮಾಲಿನ ಡಬ್ಬ

“ಗುರುಗಳೇ, ತಿಳಿದವನೆಂದು ನಂಬಿ ಜನ ನನ್ನನ್ನು ಕೇಳುತ್ತಾರೆ. ಗೊತ್ತಿಲ್ಲ ಎಂದುಬಿಟ್ಟರೆ ಮರ್ಯಾದೆ ಹೋಗುವುದಿಲ್ಲವೆ?”

ಹೀಗೆ ಕೇಳಿದವನು ಮಠಕ್ಕೆ ಬಂದು ಆರು ವರ್ಷವಾಗಿದ್ದ ಶಿಷ್ಯ. ಹಿಂದಿನ ವಾರ ಗುರುಗಳು ಅವನನ್ನು ಪಕ್ಕದ ಊರಿಗೆ ಪ್ರವಚನಕ್ಕೆ ಕಳುಹಿಸಿದ್ದರು. ಅಲ್ಲಿ ಒಬ್ಬ ಮುದುಕಿ ಎದ್ದು ನಿಂತು ಒಂದು ಪದದ ಅರ್ಥ ಕೇಳಿದ್ದಳು. ಅವನಿಗೆ ತಿಳಿದಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದ್ದ. ಮುದುಕಿ ಕೈಮುಗಿದು ಕುಳಿತಿದ್ದಳು. ಅಂದಿನಿಂದ ಅವನಿಗೆ ಊಟ ರುಚಿಸುತ್ತಿರಲಿಲ್ಲ.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗುಜರಿ ವ್ಯಾಪಾರಿ ಇದ್ದ. ಕೆಟ್ಟ ರೇಡಿಯೊ, ಟೀವಿ, ಕಂಪ್ಯೂಟರು, ಮುಚ್ಚಿದ ಕಾರ್ಖಾನೆಗಳ ಯಂತ್ರ, ಎಲ್ಲವನ್ನೂ ತೂಕದ ಮೇಲೆ ಕೊಂಡು ತರುತ್ತಿದ್ದ. ಅವನ ಶೆಡ್ಡಿನಲ್ಲಿ ಹನ್ನೊಂದು ಮಂದಿ ಹೆಂಗಸರು ಸಾಲಾಗಿ ಕುಳಿತು ಅವನ್ನು ಬಿಚ್ಚುತ್ತಿದ್ದರು. ಒಳಗಿನ ಬಿಡಿಭಾಗಗಳನ್ನು ಆಯ್ದು ಬೇರೆ ಬೇರೆ ಬುಟ್ಟಿಗೆ ಹಾಕುತ್ತಿದ್ದರು. ತಾಮ್ರಕ್ಕೊಂದು ಬುಟ್ಟಿ, ಅಲ್ಯೂಮಿನಿಯಂಗೆ ಒಂದು, ಹಸಿರು ಬೋರ್ಡುಗಳಿಗೆ ಒಂದು. ಚಿನ್ನದ ಲೇಪವಿರುವ ಭಾಗಗಳಿಗೆ ಸಣ್ಣದೊಂದು ಬುಟ್ಟಿ. ಯಾವುದು ಯಾವ ಬುಟ್ಟಿಗೆ ಬಿತ್ತು ಎಂಬುದರ ಮೇಲೆಯೇ ವ್ಯಾಪಾರಿಯ ಲಾಭ ನಿಂತಿತ್ತು.

ಅವರ ಮೇಲೆ ಒಬ್ಬ ಮೇಸ್ತ್ರಿ. ಅವನಿಗೆ ಗೊತ್ತಿಲ್ಲದ ಮಾಲು ಎಂಬುದೇ ಇರಲಿಲ್ಲ. ಏನನ್ನು ತೋರಿಸಿದರೂ ಎರಡನೆಯ ಸಲ ನೋಡದೆ ಬುಟ್ಟಿಯ ಹೆಸರು ಹೇಳುತ್ತಿದ್ದ. ಬಹಳ ಸಲ ಸರಿಯಾಗಿಯೇ ಇರುತ್ತಿತ್ತು. ತಪ್ಪಿದ್ದು ಯಾವ ಬುಟ್ಟಿಯಲ್ಲಿ ಹೋಯಿತೆಂದು ಯಾರೂ ತಿರುಗಿ ನೋಡುತ್ತಿರಲಿಲ್ಲ.

ಆ ಹೆಂಗಸರಲ್ಲಿ ಚೆನ್ನಾಜಮ್ಮ ಎಂಬವಳು ಒಬ್ಬಳು. ಮೊದಲು ಮಂಡಿಯಲ್ಲಿ ಒಣಮೆಣಸಿನಕಾಯಿ ಆಯುತ್ತಿದ್ದವಳು. ಘಾಟಿಗೆ ಕಣ್ಣು ಕೆಡುತ್ತ ಬಂದದ್ದರಿಂದ ಅದನ್ನು ಬಿಟ್ಟು ಇಲ್ಲಿಗೆ ಸೇರಿದ್ದಳು. ಅವಳಿಗೆ ಓದು ಬಾರದು. ಆದರೆ ಕೈಗೆ ಬಂದದ್ದನ್ನು ಪರೀಕ್ಷಿಸದೆ ಬಿಡುತ್ತಿರಲಿಲ್ಲ. ಮೊದಲು ಅಯಸ್ಕಾಂತ ಹಿಡಿಯುವಳು. ಅಂಟಿದರೆ ಕಬ್ಬಿಣ. ಅಂಟದಿದ್ದರೆ ಅರದಿಂದ ಒಂದು ಗೀರು ಎಳೆಯುವಳು. ಹಳದಿಯ ಕೆಳಗೂ ಹಳದಿಯೇ ಇದ್ದರೆ ಹಿತ್ತಾಳೆ, ಬೇರೆ ಬಣ್ಣ ಕಂಡರೆ ಲೇಪ. ಆಮೇಲೆ ಅಂಗೈಯಲ್ಲಿಟ್ಟು ತೂಗಿ ನೋಡುವಳು. ಇಷ್ಟಕ್ಕೂ ತಿಳಿಯದಿದ್ದರೆ ಪಕ್ಕದಲ್ಲಿದ್ದ ಹಳೆಯ ಎಣ್ಣೆಡಬ್ಬದೊಳಕ್ಕೆ ಹಾಕುವಳು.

ಒಂದು ದಿನ ವ್ಯಾಪಾರಿ ಆ ಡಬ್ಬವನ್ನು ನೋಡಿದ.

“ಇದು ಯಾವ ಮಾಲು, ಅಮ್ಮ?”

“ನಂಗೆ ಗೊತ್ತಿಲ್ಲದ್ದು, ಯಜಮಾನ್ರೆ.”

“ಗೊತ್ತಿಲ್ಲದ್ದಕ್ಕೆ ಯಾವ ಊರಲ್ಲೂ ರೇಟಿಲ್ಲ ಕಣಮ್ಮ.”

ಮೇಸ್ತ್ರಿ ನಕ್ಕ. ಹೆಂಗಸರೂ ನಕ್ಕರು. ಚೆನ್ನಾಜಮ್ಮನಿಗೆ ನಾಚಿಕೆಯಾಯಿತು. ಡಬ್ಬವನ್ನು ಮಾತ್ರ ತೆಗೆಯಲಿಲ್ಲ. ವಾರಕ್ಕೊಮ್ಮೆ ಸಂತೆಗೆ ಹೋಗುವಾಗ ಅದರೊಳಗಿಂದ ಎರಡು ಮೂರು ಚೂರುಗಳನ್ನು ಸೆರಗಿಗೆ ಕಟ್ಟಿಕೊಂಡು ರೇಡಿಯೊ ರಿಪೇರಿಯವನ ಅಂಗಡಿಗೆ ಹೋಗುತ್ತಿದ್ದಳು. ಇದು ಏನು, ಇದರೊಳಗೆ ಏನಿದೆ ಎಂದು ಕೇಳಿ ತಿಳಿಯುತ್ತಿದ್ದಳು. ಹೀಗೆ ನಾಲ್ಕು ವರ್ಷ ಕಳೆಯಿತು. ಅಷ್ಟರಲ್ಲಿ ಉಳಿದ ಹೆಂಗಸರು ನಗುವುದನ್ನು ಬಿಟ್ಟಿದ್ದರು. ಚೆನ್ನಾಜಮ್ಮ ಗೊತ್ತು ಎಂದದ್ದು ಎಂದೂ ತಪ್ಪುವುದಿಲ್ಲ ಎಂಬುದನ್ನು ಅವರು ಕಂಡುಕೊಂಡಿದ್ದರು.

ಒಂದು ಸಲ ವ್ಯಾಪಾರಿ ರೇಡಿಯೊ ಪ್ರಸಾರದ ಹಳೆಯ ಯಂತ್ರಗಳ ಒಂದು ಲೋಡು ಕೊಂಡ. ಬಿಚ್ಚಿದಾಗ ಒಳಗೆ ರೂಪಾಯಿ ನಾಣ್ಯದಷ್ಟು ದೊಡ್ಡ ಬಿಡಿಭಾಗಗಳು ಸಿಕ್ಕವು. ನಡುವೆ ಬಿಳಿಯ ಬಿಲ್ಲೆ, ಅದರ ಎರಡು ಪಕ್ಕಕ್ಕೂ ಚಿನ್ನದ ಲೇಪದ ಅಗಲವಾದ ಕಾಲುಗಳು. ಅಂಥವು ಒಂದು ಗೋಣಿಚೀಲದ ತುಂಬ ಆದವು. ಮೇಸ್ತ್ರಿ ಒಂದನ್ನು ಎತ್ತಿಕೊಂಡು ಅಂದ:

“ಪಿಂಗಾಣಿ. ಫ್ಯೂಸಿಂದೇ ಜಾತಿ. ಕುಟ್ಟಿ ಪುಡಿಮಾಡಿ, ಚಿನ್ನದ ತಗಡು ಮಾತ್ರ ಆಯ್ಕೊಳ್ಳಿ.”

ಹೆಂಗಸರು ಕಲ್ಲು, ಸುತ್ತಿಗೆ ಎಳೆದುಕೊಂಡರು. ಚೆನ್ನಾಜಮ್ಮ ಒಂದು ಬಿಲ್ಲೆಯನ್ನು ಮಣಿಕಟ್ಟಿಗೆ ಒತ್ತಿ ನೋಡಿದಳು. ಲೋಹದ ಹಾಗೆ ತಣ್ಣಗೆ ಕೊರೆಯಿತು. ಅವಳು ಎಷ್ಟೋ ಪಿಂಗಾಣಿ ಮುಟ್ಟಿದ್ದಳು. ಯಾವುದೂ ಹೀಗಿರಲಿಲ್ಲ. ಇನ್ನೊಂದನ್ನು ತೆಗೆದು ಒತ್ತಿದಳು. ಅದೂ ಹಾಗೆಯೇ ಇತ್ತು.

“ಇದು ಏನೂಂತ ನಂಗೆ ಗೊತ್ತಿಲ್ಲ,” ಎಂದಳು. “ಗೊತ್ತಾಗೋವರೆಗೂ ಯಾರೂ ಒಡೀಬೇಡಿ.”

ಹತ್ತು ಸುತ್ತಿಗೆಗಳು ಕೆಳಗಿಳಿದವು.

ಮೇಸ್ತ್ರಿಯ ಮುಖ ಕೆಂಪಾಯಿತು. ಅವನು ಹೋಗಿ ವ್ಯಾಪಾರಿಯನ್ನು ಕರೆತಂದ. ಚಿನ್ನದ ತಗಡು ಕೊಳ್ಳುವವನ ಗಾಡಿ ನಾಲ್ಕು ಗಂಟೆಗೆ ಬರುವುದಿತ್ತು. ಸುಮ್ಮನೆ ಕುಳಿತ ಹೆಂಗಸರನ್ನು ಕಂಡು ವ್ಯಾಪಾರಿಗೆ ಸಿಟ್ಟು ಬಂತು. ಆದರೆ ಹನ್ನೊಂದು ಮಂದಿಯನ್ನು ಒಂದೇ ಸಲಕ್ಕೆ ಬೈದು ಏಳಿಸುವ ಧೈರ್ಯ ಅವನಿಗಿರಲಿಲ್ಲ.

“ನಾಲ್ಕರೊಳಗೆ ತಿಳ್ಕೊಂಡು ಬಾ,” ಎಂದ. “ಇಲ್ಲಾಂದ್ರೆ ನಾವು ಒಡೀತೀವಿ. ನೀನು ನಾಳೆಯಿಂದ ಮೆಣಸಿನಕಾಯಿಗೇ ಹೋಗು.”

ಚೆನ್ನಾಜಮ್ಮ ಎರಡು ಬಿಲ್ಲೆಗಳನ್ನು ಸೆರಗಿಗೆ ಕಟ್ಟಿಕೊಂಡು ಬಿಸಿಲಿನಲ್ಲಿ ನಡೆದಳು. ಅದು ಬರೀ ಪಿಂಗಾಣಿಯೇ ಆಗಿದ್ದರೆ ತನ್ನ ಕೂಲಿ ಹೋಗುವುದಷ್ಟೇ ಅಲ್ಲ, ತನ್ನ ಮಾತಿಗೆ ಸುತ್ತಿಗೆ ಇಳಿಸಿದ ಹತ್ತು ಮಂದಿಯ ಮುಖ ನೋಡುವುದು ಹೇಗೆ ಎಂದು ಚಿಂತಿಸಿದಳು.

ರೇಡಿಯೊ ರಿಪೇರಿಯವನು ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ.

“ನಂಗೂ ಗೊತ್ತಿಲ್ಲ ಕಣಮ್ಮ,” ಎಂದ. “ಪಾಲಿಟೆಕ್ನಿಕ್ಕಿನ ಮೇಷ್ಟ್ರನ್ನ ಕೇಳು.”

ಅವಳು ಅಲ್ಲಿಗೆ ನಡೆದಳು. ಮೇಷ್ಟರು ಊಟ ಮುಗಿಸಿ ಕೈತೊಳೆಯುತ್ತಿದ್ದರು. ನೋಡಿದ ಕೂಡಲೆ ಅವರಿಗೂ ತಿಳಿಯಲಿಲ್ಲ. ಅದನ್ನೇ ಹೇಳಿದರು. ಆದರೆ ಬಿಲ್ಲೆಯ ಮೇಲೆ ಸಣ್ಣಗೆ ಒಂದು ನಂಬರು ಅಚ್ಚಾಗಿತ್ತು. ಅವರು ಬೀರುವಿನಿಂದ ದಪ್ಪನೆಯ ಪುಸ್ತಕ ತೆಗೆದು ಆ ನಂಬರನ್ನು ಹುಡುಕಿದರು. ಬಹಳ ಹೊತ್ತು ಹಿಡಿಯಿತು. ಚೆನ್ನಾಜಮ್ಮ ಗೋಡೆಯ ಗಡಿಯಾರವನ್ನು ನೋಡುತ್ತ ನಿಂತಿದ್ದಳು. ಕೊನೆಗೆ ಒಂದು ಪುಟದಲ್ಲಿ ಮೇಷ್ಟರ ಬೆರಳು ನಿಂತಿತು. ಅವರು ಓದಿದರು. ಇನ್ನೊಮ್ಮೆ ಓದಿದರು. ಕೈಯಲ್ಲಿದ್ದ ಬಿಲ್ಲೆಯನ್ನು ಮೆಲ್ಲನೆ ಮೇಜಿನ ಮೇಲಿಟ್ಟರು.

“ಇಂಥವನ್ನ ಯಾರಾದರೂ ಒಡೆದಿದ್ದಾರಾ?” ಎಂದು ಕೇಳಿದರು.

“ನಾ ಅಲ್ಲಿಂದ ಹೊರಡೋ ತನಕ ಒಂದೂ ಒಡೆದಿರ್ಲಿಲ್ಲ.”

ಮೇಷ್ಟರು ಚಪ್ಪಲಿ ಮೆಟ್ಟಿಕೊಂಡು ಸ್ಕೂಟರು ತೆಗೆದರು. “ಹಿಂದೆ ಹತ್ತಿಕೊಳ್ಳಮ್ಮ,” ಎಂದರು.

ಶೆಡ್ಡಿನಲ್ಲಿ ಗಾಡಿ ಆಗಲೇ ಬಂದು ನಿಂತಿತ್ತು. ಹೆಂಗಸರು ಕೈಕಟ್ಟಿ ಕುಳಿತಿದ್ದರು. ಮೇಸ್ತ್ರಿ ತಾನೇ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಮೊದಲನೆಯ ಬಿಲ್ಲೆಯನ್ನು ಇಟ್ಟು ಸುತ್ತಿಗೆ ಎತ್ತಿದ್ದ.

“ಮೇಸ್ತ್ರಿ, ಒಡೀಬೇಡಿ,” ಎಂದಳು ಚೆನ್ನಾಜಮ್ಮ ಬಾಗಿಲಿನಿಂದ. “ಈಗ ಗೊತ್ತಾಯ್ತು.”

ನಾಲ್ಕು ವರ್ಷದಲ್ಲಿ ಅವಳು ಅಷ್ಟು ಗಟ್ಟಿಯಾಗಿ ಮಾತನಾಡಿದ್ದನ್ನು ಯಾರೂ ಕೇಳಿರಲಿಲ್ಲ. ಸುತ್ತಿಗೆ ಮೇಲೆಯೇ ನಿಂತಿತು. ಆಮೇಲೆ ನಿಧಾನವಾಗಿ ಕೆಳಗಿಳಿಯಿತು.

ಮೇಷ್ಟರು ಎಲ್ಲರಿಗೂ ಬಿಡಿಸಿ ಹೇಳಿದರು. ಆ ಬಿಳಿಯದು ಪಿಂಗಾಣಿಯಲ್ಲ, ಶಾಖವನ್ನು ಲೋಹದ ಹಾಗೆ ಎಳೆದುಕೊಳ್ಳುವ ಬೇರೊಂದು ವಿಷವಸ್ತು. ಇಡಿಯಾಗಿರುವ ತನಕ ಅದರಿಂದ ಅಪಾಯವಿಲ್ಲ. ಕುಟ್ಟಿದರೆ ಏಳುವ ಧೂಳು ಎದೆಯೊಳಗೆ ಸೇರಿ ಅಲ್ಲೇ ಕೂರುತ್ತದೆ. ವರ್ಷಗಳ ಮೇಲೆ ಉಸಿರು ಕಟ್ಟಿಸುತ್ತದೆ. ಅದನ್ನು ತೊಳೆದು ತೆಗೆಯುವ ಔಷಧಿ ಇಲ್ಲ. ಮುಚ್ಚಿದ ಆ ಶೆಡ್ಡಿನಲ್ಲಿ ಒಂದು ಚೀಲ ಕುಟ್ಟಿದ್ದರೆ ಒಬ್ಬರೂ ತಪ್ಪಿಸಿಕೊಳ್ಳುತ್ತಿರಲಿಲ್ಲ.

ಒಬ್ಬಳು ತನ್ನ ಮುಂದಿದ್ದ ಕಲ್ಲನ್ನು ಕಾಲಿನಿಂದ ದೂರ ತಳ್ಳಿದಳು. ವ್ಯಾಪಾರಿ ಗೋಡೆಗೆ ಒರಗಿದ. ಅವನ ಸ್ವಂತ ಹೆಂಡತಿಯೂ ಮಧ್ಯಾಹ್ನ ಬುತ್ತಿ ತಂದು ಅದೇ ಶೆಡ್ಡಿನಲ್ಲಿ ಕೂರುತ್ತಿದ್ದಳು.

ಮೇಷ್ಟರ ಮಾತು ಇನ್ನೂ ಮುಗಿದಿರಲಿಲ್ಲ. ಆ ಬಿಡಿಭಾಗವನ್ನು ತಯಾರಿಸುವುದು ನಿಂತು ಎಷ್ಟೋ ಕಾಲವಾಗಿದೆ ಎಂದರು. ಹಳೆಯ ಯಂತ್ರಗಳನ್ನು ಇನ್ನೂ ನಡೆಸುತ್ತಿರುವವರು ಅದಕ್ಕಾಗಿ ಊರೂರು ಹುಡುಕುತ್ತಿದ್ದಾರೆ ಎಂದರು. ಅಂಥವರ ವಿಳಾಸವನ್ನು ತಾವೇ ಬರೆದುಕೊಟ್ಟರು. ಹೆಂಗಸರು ಚೀಲದ ಬಾಯಿ ಹೊಲಿದರು. ತಗಡು ಕೊಳ್ಳುವವನ ಗಾಡಿ ಆ ಚೀಲವಿಲ್ಲದೆಯೇ ಹೋಯಿತು. ತಿಂಗಳೊಳಗೆ ಆ ಒಂದು ಚೀಲ ಇಡೀ ಲೋಡಿಗಿಂತ ಹೆಚ್ಚು ಹಣ ತಂದಿತು.

ಹಣ ಬಂದ ದಿನ ವ್ಯಾಪಾರಿ ಶೆಡ್ಡಿಗೆ ಹನ್ನೊಂದು ಹೊಸ ಡಬ್ಬ ತರಿಸಿ ಒಬ್ಬೊಬ್ಬರ ಮುಂದೆ ಒಂದೊಂದು ಇಡಿಸಿದ. ಯಾವ ಮಾಲಿಗೆ ಸುತ್ತಿಗೆ ಹಾಕಬೇಕಾದರೂ ಚೆನ್ನಾಜಮ್ಮನ ಒಪ್ಪಿಗೆ ಬೇಕು ಎಂದ. ಅವಳ ಕೂಲಿ ಮೇಸ್ತ್ರಿಯ ಸಮಕ್ಕೆ ಏರಿತು. ಹೆಂಗಸರು ಅಂದು ಒಬ್ಬಟ್ಟು ಮಾಡಿ ತಂದಿದ್ದರು. ಮೊದಲನೆಯದನ್ನು ಅವಳ ಕೈಗಿತ್ತು, ಅವಳು ತಿನ್ನುವ ತನಕ ತಾವು ಮುಟ್ಟಲಿಲ್ಲ. ಚೆನ್ನಾಜಮ್ಮ ತಲೆಯೆತ್ತಿ ಕುಳಿತು ತಿಂದಳು.

ಮೇಸ್ತ್ರಿ ಮಾತ್ರ ಹಲವು ದಿನ ಅವಳ ಕಡೆ ಸುಳಿಯಲಿಲ್ಲ. ಮಳೆಗಾಲ ಕಳೆದ ಮೇಲೆ ಒಂದು ದಿನ ಏನನ್ನೋ ಮುಷ್ಟಿಯಲ್ಲಿ ಹಿಡಿದುಕೊಂಡು ಬಂದ. ಅವಳ ಮುಂದೆ ನಿಂತ. ಮುಷ್ಟಿ ಬಿಚ್ಚಿದ.

“ಇದು ನಂಗೆ ಗೊತ್ತಾಗ್ತಿಲ್ಲ ಕಣಮ್ಮ,” ಎಂದ.

ಚೆನ್ನಾಜಮ್ಮ ಚಾಪೆಯ ಮೇಲೆ ಸರಿದು ಅವನಿಗೆ ಜಾಗ ಮಾಡಿಕೊಟ್ಟಳು. ಇಬ್ಬರೂ ಕುಳಿತು ಅದನ್ನು ನೋಡಿದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು.

“ತಿಳಿಯಿತು, ಗುರುಗಳೇ. ಗೊತ್ತಿಲ್ಲ ಎಂದು ಒಪ್ಪಿಕೊಂಡರೆ ಮರ್ಯಾದೆ ಹೋಗುವುದಿಲ್ಲ. ಇನ್ನೂ ಹೆಚ್ಚುತ್ತದೆ.”

ಗುರುಗಳು ಅವನನ್ನೇ ನೋಡಿ ಹೇಳಿದರು:

“ಮರ್ಯಾದೆ ಹೆಚ್ಚಲಿ ಎಂದು ಗೊತ್ತಿಲ್ಲ ಎಂದ ದಿನ, ಅದೂ ಬಾಯಿಗೆ ಬಂದ ಮಾತೇ, ಮಗು.”