ಕಸದ ಗುಂಡಿಯ ಕರಿ ಹಾಳೆ

ಊರಾಚೆಯ ದೊಡ್ಡ ಗುಂಡಿಗೆ ಕಸ ಸುರಿಯುವ ಮೊದಲು, ಕೊಳೆ ನೆಲಕ್ಕಿಳಿಯದಿರಲೆಂದು ತಳದಲ್ಲಿ ಕರಿ ಪ್ಲಾಸ್ಟಿಕ್ ಹಾಳೆ ಹಾಸಿದರು. ಅದರಡಿಯಲ್ಲಿ ಭಗವಂತನ ದಯೆಯಿಂದ ಎಂದೂ ಬತ್ತದ ಒಂದು ಒರತೆ ಹರಿಯುತ್ತಿತ್ತು. ಊರಿನ ಬಾವಿಗೂ ದೇವರ ಅಭಿಷೇಕಕ್ಕೂ ಅದೇ ನೀರು.

ಕಸದ ಲಾರಿಗಳ ಸದ್ದು ಕೇಳಿ ಒರತೆ ಹಾಳೆಯನ್ನು ಕೇಳಿತು: "ಮಗಾ, ಆ ಕೊಳೆಯನ್ನು ತಡೆದುಕೊಳ್ಳುತ್ತೀಯಾ?"

"ಚಿಂತೆ ಬಿಡವ್ವಾ," ಎಂದಿತು ಹಾಳೆ. "ನಾನು ನೂರು ವರ್ಷ ತಾಳುತ್ತೇನಂತೆ. ಹಾಸಿದವರೇ ಹೇಳಿದ್ದಾರೆ."

"ನಿನ್ನಂಥವರು ನೂರು ವರ್ಷ ತಾಳಿದ್ದನ್ನು ಅವರು ಕಂಡಿದ್ದಾರೇನು?"

"ಎಲ್ಲಿಂದ ಕಾಣುತ್ತಾರೆ? ನಮ್ಮ ಕುಲ ಹುಟ್ಟಿದ್ದೇ ಮೊನ್ನೆ ಮೊನ್ನೆ."

"ಹೋಗಲಿ, ಆ ಕೊಳೆಗೆಷ್ಟು ಆಯುಸ್ಸು?"

"ಅದನ್ನು ಯಾರೂ ಹೇಳಲಿಲ್ಲ," ಎಂದಿತು ಹಾಳೆ.

ಗುಂಡಿ ತುಂಬಿತು. ಮೇಲೆ ಮಣ್ಣು ಮುಚ್ಚಿ ಹುಲ್ಲು ಬೆಳೆಸಿ, ಜನ ಕಸವನ್ನು ಮರೆತರು. ಒಳಗಿನ ಕಾವಿಗೆ ಹಾಳೆ ವರ್ಷ ವರ್ಷವೂ ಪೆಡಸಾಗುತ್ತಾ ಬಂತು.

"ಅವ್ವಾ, ಮೈ ಬಿರಿಯುತ್ತಿದೆ," ಎಂದಿತು ಒಂದು ದಿನ. "ಮೇಲಿನವರಿಗೆ ಹೇಳು."

"ನನಗೆ ಬಾಯಿ ಎಲ್ಲಿದೆ ಮಗಾ? ಬಾವಿಗೆ ಹೋಗಿಯೇ ಹೇಳಬೇಕು."

ಬಿರುಕಿನಿಂದ ತೊಟ್ಟಿಕ್ಕಿದ ಕೊಳೆಯನ್ನು ಹೊತ್ತು ಒರತೆ ಬಾವಿ ಸೇರಿತು. ಯಾರಾದರೂ ರುಚಿ ನೋಡಿ ತಿಳಿದಾರು ಎಂಬುದೊಂದೇ ಅದರ ಆಸೆ.

ಗುಡಿಯ ಬೆಳಗಿನ ಪೂಜೆಯಲ್ಲಿ ತೀರ್ಥ ಕುಡಿದು ಪದ್ಮಾವತಮ್ಮ ಮುಖ ಕಿವಿಚಿದರು. "ತೀರ್ಥ ಯಾಕೋ ಕಹಿ ಇದೆಯಲ್ಲ ಭಟ್ಟರೇ?"

"ತುಳಸಿ ಒಂಚೂರು ಜಾಸ್ತಿ ಬಿತ್ತಮ್ಮ."

ಆಕೆ ಕೈಯನ್ನು ಕಣ್ಣಿಗೊತ್ತಿಕೊಂಡು, ಮೊಮ್ಮಗಳ ಅಂಗೈಗೂ ಒಂದು ಉದ್ಧರಣೆ ಹಾಕಿಸಿದರು.

ನಿಜ ಗೊತ್ತಿದ್ದದ್ದು ದೇವರೊಬ್ಬನಿಗೆ. ಅವನು ಆ ನೀರಿನಲ್ಲಿ ಆಗಲೇ ಮಿಂದಿದ್ದ.