ಬೆಂಕಿ ಕಾಣದ ಕುಕೀ

ಏಕಾದಶಿಯ ಬೆಳಗ್ಗೆ ವೇದವಲ್ಲಮ್ಮನವರು ಬಾದಾಮಿ ಹಿಟ್ಟಿನೊಳಗೆ ಖರ್ಜೂರ, ಅಂಜೂರ ತುಂಬಿ, ಬೇಯಿಸದೆಯೇ ಇಪ್ಪತ್ತು ಕುಕೀ ಮಾಡಿ ಗಾಜಿನ ಡಬ್ಬಕ್ಕೆ ಹಾಕಿದರು. ಪಕ್ಕದ ಡಬ್ಬದಲ್ಲಿದ್ದ ನಿಪ್ಪಟ್ಟನ್ನು ಕಂಡು ತಳದ ಕುಕೀ ಮೂಗು ಮುರಿಯಿತು.

"ಎಣ್ಣೆಯಲ್ಲಿ ಬೆಂದವನು ನೀನು. ಉಪವಾಸದ ದಿನ ನಿನ್ನನ್ನು ಯಾರು ಮುಟ್ಟುತ್ತಾರೆ? ನಾನು ಬೆಂಕಿಯನ್ನೇ ಕಂಡಿಲ್ಲ, ಸಕ್ಕರೆ ಸೋಕಿಲ್ಲ. ಆರೋಗ್ಯಕ್ಕೂ ಸೈ, ಫಲಾಹಾರಕ್ಕೂ ಸೈ."

"ತಾವು ದೊಡ್ಡವರು ಸ್ವಾಮಿ," ಎಂದಿತು ನಿಪ್ಪಟ್ಟು.

ವೇದವಲ್ಲಮ್ಮನವರ ನಂಬಿಕೆಯೂ ಅದೇ. "ಹಣ್ಣು ತಾನೇ, ಇದೇನು ತಿಂದ ಹಾಗೆಯೇ?" ಎನ್ನುತ್ತ ಪೂಜೆಯಾದ ಮೇಲೆ ನಾಲ್ಕು, ಮಧ್ಯಾಹ್ನ ಎಂಟು, ಟೀವಿ ಮುಂದೆ ಏಳು ಮುಗಿಸಿದರು. ಆಮೇಲೆ ಉಪವಾಸದ ಸುಸ್ತೆಂದು ನರಳುತ್ತ ಮತ್ತೆ ಮುಚ್ಚಳ ತೆಗೆದರು.

ತಳದಲ್ಲಿ ಒಂಟಿಯಾಗಿ ಉಳಿದಿದ್ದ ಕುಕೀ ನಿಪ್ಪಟ್ಟಿನ ಕಡೆ ತಿರುಗಿತು. "ಅಣ್ಣಾ, ನನ್ನನ್ನೂ ಎಣ್ಣೆಯಲ್ಲೇ ಕರಿದಿದ್ದು ಅಂತ ಒಂದು ಮಾತು ಹೇಳಿಬಿಡಪ್ಪ."